ಯಾರ ಕಲ್ಲಿನ ಇಪ್ಪತ್ತು?

ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಸಿದ್ದಯ್ಯನದು ಎತ್ತಿದ ಕೈ. ಬಣ್ಣ ಹಿಡಿಯಬೇಕಾದರೆ ಮೊದಲು ಹಸಿ ನೂಲಿನ ಅಂಟು ಬಿಡಿಸಬೇಕು. ಅದಕ್ಕೆ ಸೋಡಾ ನೀರಲ್ಲಿ ಕುದಿಸುತ್ತಾರೆ. ಸೋಡಾ ಒಂದು ಪಾಲು, ನೂಲು ಇಪ್ಪತ್ತು ಪಾಲು. ಸೋಡಾ ಹೆಚ್ಚಾದರೆ ನೂಲೇ ಬೆಂದುಹೋಗುತ್ತದೆ.

ಆ ಊರಲ್ಲಿ ನೂಲನ್ನು ಅವರವರ ಮನೆಯಲ್ಲೇ, ದೇವರ ದೀಪದ ಮುಂದೆ ತೂಗುವುದು ರೂಢಿ. ಹೊಸಿಲು ದಾಟಿದ ನೂಲನ್ನು ಮತ್ತೆ ತೂಗಿದರೆ ಮನೆಯವರನ್ನು ಕಳ್ಳರು ಅಂದ ಹಾಗೆ. ಅದಕ್ಕೇ ಸಿದ್ದಯ್ಯ, ಸೋಡಾ ತೂಗುವ ತನ್ನ ಅಡಿಕೆ ಗಾತ್ರದ ಕಲ್ಲನ್ನೇ ಹಿಂದಿನ ದಿನ ನೂಲು ತರುವವರ ಮನೆಗೆ ಮುಟ್ಟಿಸಿ ಬರುತ್ತಿದ್ದ. ಅವರು ಅದರಲ್ಲೇ ನೂಲು ತೂಗಿ, ಎಷ್ಟು ಎಂದು ಹೇಳಿ ಕೊಡುತ್ತಿದ್ದರು.

ಸಿದ್ದಯ್ಯ ಹಾಸಿಗೆ ಹಿಡಿದ. ಕೆಲಸ ಶಿಷ್ಯ ಮುನಿರಾಜನ ಕೈಗೆ ಬಂತು. ಲೆಕ್ಕವೆಲ್ಲ ಅವನಿಗೆ ಬಾಯಿಪಾಠ. ಕಲ್ಲು ಹಿಡಿದು ಮನೆಮನೆ ತಿರುಗುವುದು ಮಾತ್ರ ಮುದುಕನ ಹುಚ್ಚು ಎಂದುಕೊಂಡ. ಇಪ್ಪತ್ತು ಎಲ್ಲಿದ್ದರೂ ಇಪ್ಪತ್ತೇ ಅಲ್ಲವೇ?

ನೂಲು ಬಿಚ್ಚುವ ಪಾಪಕ್ಕ ಬಂದಳು. ಗಂಡನಿಲ್ಲದ ಹೆಂಗಸು. ಬಿಸಿನೀರಲ್ಲಿ ಬೆರಳು ಬೇಯಿಸಿಕೊಂಡು ಧಣಿಗಳಿಗೆ ನೂಲು ತೆಗೆಯುತ್ತ, ಅವರು ಬಿಟ್ಟುಕೊಟ್ಟ ಚೂರುಪಾರು ಗೂಡಿನಿಂದ ಮಗಳ ಧಾರೆ ಸೀರೆಗೆ ವರ್ಷಗಟ್ಟಲೆ ಕೂಡಿಟ್ಟ ನೂಲು ಅದು. ಎಷ್ಟು ತೂಕ ಎಂದು ಮುನಿರಾಜ ಕೇಳಿದ. ಇಪ್ಪತ್ತು ಎಂದಳು. ಅವನು ತನ್ನ ಕಲ್ಲಿನಲ್ಲಿ ಒಂದು ಪಾಲು ಸೋಡಾ ತೂಗಿ ಹಂಡೆಗೆ ಸುರಿದ.

ಪಾಪಕ್ಕನ ಮನೆಯ ಕಲ್ಲು ಇವನ ಕಲ್ಲಿನ ಅರ್ಧವೂ ಇರಲಿಲ್ಲ.

ಹಂಡೆಯಿಂದ ಎತ್ತಿದರೆ ನೂಲು ಕೈಯಲ್ಲೇ ಪುಡಿಯಾಗಿ ಉದುರಿತು. ಮುನಿರಾಜ ಅಳುತ್ತ ಗುರುವಿನ ಹಾಸಿಗೆ ಬಳಿ ಓಡಿ ನಡೆದದ್ದನ್ನೆಲ್ಲ ಹೇಳಿದ. ಸಿದ್ದಯ್ಯ ಕೇಳಿದ್ದು ಒಂದೇ ಮಾತು: "ಯಾರ ಕಲ್ಲಿನ ಇಪ್ಪತ್ತೋ?"

ಪಾಪಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಪುಡಿಯನ್ನು ಸೆರಗಿಗೆ ಹಾಕಿಕೊಂಡು, "ನಾನು ಸುಳ್ಳು ಹೇಳ್ಲಿಲ್ಲ ಕಣಪ್ಪಾ. ನನ್ ಕಲ್ಲಲ್ಲಿ ಇಪ್ಪತ್ತೇ ಇತ್ತು" ಅಂದಳು.

ಮುನಿರಾಜ ಕಾಲಿಗೆ ಬಿದ್ದ. ಅವಳು ಕ್ಷಮಿಸಿದಳು. ಅದರಿಂದ ಏನಾಯಿತು? ಮಗಳು ಯಾರದೋ ಸೀರೆ ಎರವಲು ಉಟ್ಟು ಹಸೆಮಣೆ ಏರಿದಳು. ಸಿದ್ದಯ್ಯ ಆ ಕೊರಗಿನಲ್ಲೇ ಕಣ್ಣು ಮುಚ್ಚಿದ. ಆಮೇಲೆ ಆ ಬಣ್ಣದ ಮನೆಗೆ ಯಾರೂ ನೂಲು ತರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮಕ್ಕಳೇ, ಆಕ್ಸಿಜನ್ ಹದಿನಾರು, ಸೋಡಿಯಂ ಇಪ್ಪತ್ಮೂರು ಎಂದು ನೀವೂ ಉರು ಹೊಡೆಯುತ್ತೀರಿ. ಏನು ಹದಿನಾರು ಎಂದು ಮಾತ್ರ ಕೇಳುವುದಿಲ್ಲ. ಅದು ಗ್ರಾಂ ಅಲ್ಲ, ಕಿಲೋ ಅಲ್ಲ. ಕಾರ್ಬನ್-12 ಎಂಬ ಪರಮಾಣುವಿನ ರಾಶಿಯನ್ನು ಹನ್ನೆರಡು ಸಮಪಾಲು ಮಾಡಿದರೆ, ಅದರಲ್ಲಿ ಒಂದು ಪಾಲೇ ನಮ್ಮ ಕಲ್ಲು. ಆಕ್ಸಿಜನ್ ಪರಮಾಣು ಅದರ ಸುಮಾರು ಹದಿನಾರರಷ್ಟು ಭಾರ. ಇದಕ್ಕೇ ಸಾಪೇಕ್ಷ ಪರಮಾಣು ರಾಶಿ ಎನ್ನುವುದು. ಲೋಕದವರೆಲ್ಲ ಒಂದೇ ಕಲ್ಲಿಗೆ ಒಪ್ಪಿದ್ದಾರೆ, ಆದ್ದರಿಂದ ಲೆಕ್ಕ ಕೂಡುತ್ತದೆ.

ನೀತಿ: ಹೋಲಿಸಿ ಹೇಳಿದ ಸಂಖ್ಯೆ ಕೇಳಿದಾಗ, ಯಾವುದಕ್ಕೆ ಹೋಲಿಸಿದ್ದು ಎಂದು ಮೊದಲು ಕೇಳಿ. ತಡವಾಗಿ ಕೇಳಿದವನಿಗೆ ಉತ್ತರವೇನೋ ಸಿಗುತ್ತದೆ, ನೂಲು ಸಿಗುವುದಿಲ್ಲ.