ಒಂದೂ ಹಣ್ಣಿಲ್ಲದ ಗಿಡ

ನೀಲವ್ವ ತೊಕ್ಕಿನ ಜಾಡಿಯನ್ನು ತೊಳೆದು ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. "ಈ ಸಲವೂ ತುಂಬದಿದ್ದರೆ ನಿನಗೆ ಅಟ್ಟವೇ ಗತಿ" ಎಂದು ಗೊಣಗಿ ಒಳಗೆ ಹೋದಳು.

ಜಾಡಿ ಗಾಬರಿಯಾಗಿ ಸುತ್ತ ನೋಡಿತು. ಬೇಲಿ ಪಕ್ಕದ ಟೊಮೆಟೊ ಗಿಡದಲ್ಲಿ ಮೈತುಂಬ ಕೆಂಪು ಹಣ್ಣು. ಬಚ್ಚಲ ಪಕ್ಕದ ಗಿಡದಲ್ಲಿ ಬರೀ ಹೂವು, ಹಸಿರು ಕಾಯಿ.

"ಬೇಲಿಯಣ್ಣ, ನನ್ನನ್ನು ತುಂಬಿಸುವವನು ನೀನೇ ಬಿಡು."

"ಮುಟ್ಟುವ ಮಾತೇ ಬೇಡ! ದಾರಿಹೋಕರೆಲ್ಲ ನಿಂತು ನೋಡುತ್ತಾರೆ. ಚೆಂದಕ್ಕಿರಲಿ ಅಂತ ನೀಲವ್ವನೂ ಕೀಳುವುದಿಲ್ಲ."

"ಹೌದೇ? ಮತ್ತೆ ನಿನ್ನಲ್ಲಿ ಹೂವೇ ಕಾಣುವುದಿಲ್ಲವಲ್ಲ?"

"ಇಷ್ಟು ಹೊರೆ ಹೊತ್ತವನಿಗೆ ಹೂ ಬಿಡಲು ಪುರಸೊತ್ತೆಲ್ಲಿ?"

ಜಾಡಿಗೆ ಕುತೂಹಲ ಹೆಚ್ಚಿತು. ಇನ್ನೊಂದರತ್ತ ತಿರುಗಿತು. "ತಂಗಿ, ನಿನ್ನಲ್ಲಿ ಹೂವುಂಟು, ಹಣ್ಣಿಲ್ಲ. ಇದೇನು ಸಮಾಚಾರ?"

"ಕಾಯಿ ಬಣ್ಣ ತಿರುಗಿದ ಕೂಡಲೇ ನೀಲವ್ವ ಕಿತ್ತುಕೊಂಡು ಹೋಗುತ್ತಾಳೆ, ಅಕ್ಕ. ಆಮೇಲೆ ಅವು ಒಳಗೆ ಮೊರದಲ್ಲೇ ಹಣ್ಣಾಗುತ್ತವೆ. ಮೈ ಹಗುರಾದಂತೆ ನಾನು ಮತ್ತೆ ಹೂ ಬಿಡುತ್ತೇನೆ."

ಬೇಲಿಯ ಗಿಡ ಪಕ್ಕೆ ಬಿರಿಯುವಂತೆ ನಕ್ಕಿತು. "ಬರಿಗೈಯವಳ ಮಾತು ಕೇಳು, ಅಟ್ಟ ಹತ್ತುತ್ತೀ!"

ಅಷ್ಟರಲ್ಲಿ ನೀಲವ್ವ ಬಂದು ಜಾಡಿಯನ್ನು ಒಳಗೆ ಒಯ್ದಳು. ಮಾರನೆಯ ದಿನ ಅದು ಅದೇ ಕಟ್ಟೆಗೆ ಮರಳಿದಾಗ ಕಂಠದವರೆಗೆ ತೊಕ್ಕು ತುಂಬಿತ್ತು, ಬಾಯಿಗೆ ಬಟ್ಟೆ ಬಿಗಿದಿತ್ತು. ಬೇಲಿಯ ಗಿಡದ ಬುಡದಲ್ಲಿ ಕೊಳೆತ ಹಣ್ಣೆರಡು ಬಿದ್ದಿದ್ದವು.

"ಇಷ್ಟೊಂದು ಹಣ್ಣು ಎಲ್ಲಿಂದ ಬಂತು?" ಎಂದು ಬೇಲಿಯ ಗಿಡ ಕಣ್ಣರಳಿಸಿತು. "ಆ ಬಚ್ಚಲ ಪಕ್ಕದವಳ ಮೈಮೇಲೆ ನಾನು ಒಂದನ್ನೂ ನೋಡಲಿಲ್ಲವಲ್ಲ!"

ಜಾಡಿಯ ಬಾಯಿ ಕಟ್ಟಿತ್ತು. ಉತ್ತರವನ್ನು ಬಚ್ಚಲ ಪಕ್ಕದ ಗಿಡವೇ ಕೊಟ್ಟಿತು.

"ನೀನು ನೋಡುವಷ್ಟು ಹೊತ್ತು ನನ್ನಲ್ಲಿ ಯಾವುದೂ ನಿಲ್ಲಲಿಲ್ಲ, ಅಣ್ಣ."