ಮನುಮಿ ಹಂಚಿದ ಸೀಲ್

ನೆಲ ಯಾವುದು, ಕಡಲು ಯಾವುದು ಎಂದು ಗೊತ್ತಾಗದಷ್ಟು ಹಿಮ ಬೀಳುವ ಉತ್ತರದ ತುದಿಯಲ್ಲಿ ಇಪೀಲಿ ಎಂಬ ಮುದುಕನಿದ್ದ. ಸೀಲ್ ಎಂಬ ಕಡಲಪ್ರಾಣಿಯ ಬೇಟೆಯಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ಆದರೆ ಬಿಸಿಲಿಗೆ ಹೊಳೆಯುವ ಹಿಮವನ್ನು ನೋಡಿ ನೋಡಿ ಕಣ್ಣು ಮಸುಕಾಯಿತು. ಐದು ವರ್ಷದ ಹಿಂದೆ ಈಟಿ ಕೆಳಗಿಟ್ಟ.

ಅವನ ಹತ್ತಿರ ಬೇಟೆ ಕಲಿಯಲು ಬಂದವಳು ಮನುಮಿ. ಗಂಡ ಮಂಜುಗಡ್ಡೆ ಒಡೆದು ನೀರುಪಾಲಾಗಿದ್ದ. ಮನೆಯಲ್ಲಿ ಎರಡು ಸಣ್ಣ ಮಕ್ಕಳು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಿಮಗೆ ತಲೆ ಕೆಟ್ಟೀತು. ಅಲ್ಲಿಯ ಇನ್ಯೂಟ್ ಜನ ಸತ್ತವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ. ನಾವೂ ಇಡುತ್ತೇವೆ, ಅಜ್ಜನ ಹೆಸರು ಮೊಮ್ಮಗನಿಗೆ. ಅವರು ಅಷ್ಟಕ್ಕೇ ಬಿಡುವವರಲ್ಲ. ಹೆಸರಿನ ಹಿಂದೆ ನಂಟೂ ಬರುತ್ತದೆ. ಗಂಡು ಹೆಣ್ಣೆಂಬ ಭೇದವೂ ಇಲ್ಲ.

ಇಪೀಲಿಯ ಸತ್ತ ತಂದೆಯ ಹೆಸರೂ ಮನುಮಿ. ಹಾಗಾಗಿ ಎಪ್ಪತ್ತು ದಾಟಿದ ಗುರು ಇಪ್ಪತ್ತಾರರ ಶಿಷ್ಯೆಯನ್ನು "ಅಪ್ಪಾ" ಎನ್ನುತ್ತಿದ್ದ. ಅವಳು ಗುರುವನ್ನು "ಮಗನೇ" ಎನ್ನುತ್ತಿದ್ದಳು. ನಮಗೆ ನಗು ಬರಬೇಕೇ ಹೊರತು ಅಲ್ಲಿ ಯಾರೂ ನಗುತ್ತಿರಲಿಲ್ಲ.

"ಬೇಟೆ ಯಾಕೆ ಬೇಕು ಅಪ್ಪಾ? ಊರಿನವರು ಪಾಲು ಕೊಡ್ತಿಲ್ವಾ?" ಎಂದು ಇಪೀಲಿ ಕೇಳಿದ.

"ಕೊಡ್ತಾರೆ ಮಗನೇ. ಅದೇ ಕಷ್ಟ."

ಆ ಊರಲ್ಲಿ ಯಾರು ಸೀಲ್ ಹೊಡೆದರೂ ಎಲ್ಲ ಮನೆಗೂ ಪಾಲು ಹೋಗುತ್ತಿತ್ತು. ಮಾಂಸ ಹೊಟ್ಟೆಗೆ, ತೊಗಲು ಮೈಗೂ ಕಾಲಿಗೂ, ಕೊಬ್ಬು ಕಲ್ಲಿನ ಹಣತೆಗೆ. ಸೀಲ್ ಸಿಗದಿದ್ದರೆ ಮನೆಯೊಳಗೆ ಬೆಳಕೂ ಇಲ್ಲ, ಬಿಸಿಯೂ ಇಲ್ಲ. ಮನುಮಿಯ ಮನೆಗೆ ಒಂದು ದಿನವೂ ಪಾಲು ತಪ್ಪಿರಲಿಲ್ಲ. ಯಾರೂ ಒಂದು ಮಾತು ಆಡಿದವರಲ್ಲ. ಆದರೂ ಅವಳಿಗೆ ಪ್ರತಿ ತುತ್ತೂ ಹಂಗಿನ ಕೂಳು ಅನ್ನಿಸುತ್ತಿತ್ತು.

"ಎರಡು ಚಳಿಗಾಲದಿಂದ ಬೇರೆಯವರ ಕೈ ನೋಡ್ಕೊಂಡು ಬದುಕಿದ್ದೀನಿ," ಅಂದಳು. "ಒಂದು ಸಲ ನಾನೂ ಕೊಡಬೇಕು. ಆಮೇಲೆ ಯಾರ ಹಂಗೂ ಬೇಡ."

ಮುದುಕ ಮೂಲೆಯಲ್ಲಿದ್ದ ಈಟಿಯನ್ನು ತಡವಿ ತೆಗೆದ.

"ನಾಳೆ ಬೆಳಗ್ಗೆ ಬಾ," ಅಂದ.

ಸೀಲ್ ನೀರಲ್ಲಿದ್ದರೂ ಮೀನಲ್ಲ. ಉಸಿರಿಗೆ ಮೇಲೆ ಬರಲೇಬೇಕು. ಅದಕ್ಕೆಂದೇ ಮಂಜುಗಡ್ಡೆಯನ್ನು ಉಗುರಿನಿಂದ ಕೆರೆದು ಅಲ್ಲಲ್ಲಿ ಗಂಡಿ ಮಾಡಿಟ್ಟುಕೊಂಡಿರುತ್ತದೆ. ಮೇಲೆ ಹಿಮ ಮುಚ್ಚಿರುವುದರಿಂದ ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನಾಯಿಯ ಮೂಗಿಗೆ ಸಿಗುತ್ತದೆ.

ಇಪೀಲಿಯ ನಾಯಿ ಒಂದು ಗಂಡಿ ಹುಡುಕಿತು. ಮುದುಕ ಅದರೊಳಗೆ ತೆಳ್ಳಗಿನ ಮೂಳೆಕಡ್ಡಿಯೊಂದನ್ನು ಇಳಿಬಿಟ್ಟ.

"ಇದು ಅಲುಗಿದರೆ ಅದು ಬಂತು ಅಂತ ತಿಳಿ. ಅಲ್ಲಿತನಕ ನೀನು ಅಲುಗಬೇಡ."

"ಎಷ್ಟು ಹೊತ್ತು ನಿಲ್ಲಬೇಕು ಮಗನೇ?"

"ಅದಕ್ಕೆ ಉಸಿರು ಬೇಕಾಗೋವರೆಗೂ."

"ಈ ಗಂಡಿಗೇ ಬರುತ್ತೆ ಅಂತ ಏನು ಖಾತ್ರಿ?"

"ಬರದೇನೂ ಇರಬಹುದು."

"ಹಾಗಾದರೆ?"

"ಹಾಗಾದರೂ ನಿಲ್ಲಬೇಕು."

ನಾಯಿಯನ್ನು ಕರೆದುಕೊಂಡು ಅವನು ದೂರ ಹೋಗಿ ಕೂತ. ಮನುಮಿ ಈಟಿ ಹಿಡಿದು, ಸೊಂಟ ಬಗ್ಗಿಸಿ ನಿಂತಳು. ಮೊದಲ ದಿನ ಕಾಲು ಮರಗಟ್ಟಿತು. ಎರಡನೆಯ ದಿನ ಸೊಂಟ ನನ್ನದಲ್ಲ ಅನ್ನಿಸಿತು. ಮೂರನೆಯ ದಿನ ಅಳು ಬಂತು. ಅತ್ತರೆ ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟುತ್ತದೆಂದು ನುಂಗಿಕೊಂಡಳು.

ನಾಲ್ಕನೆಯ ದಿನ ಕಡ್ಡಿ ಅಲುಗಿತು. ಅಲುಗಿದ್ದೇ ತಡ, ಈಟಿ ಹೊಡೆದೇಬಿಟ್ಟಳು. ಅದು ಹೋಗಿ ಮಂಜುಗಡ್ಡೆಗೆ ನಾಟಿತು. ಕೆಳಗೆ ನೀರು ಗುಳುಗುಳು ಅಂದು ಸುಮ್ಮನಾಯಿತು.

ಮುದುಕ ಎದ್ದು ಬಂದ.

"ಕಡ್ಡಿ ನೋಡ್ತಾ ಏನು ಯೋಚನೆ ಮಾಡ್ತಿದ್ದೆ ಅಪ್ಪಾ?"

"ಯಾವ ತುಂಡು ಯಾರ ಮನೆಗೆ ಕೊಡೋದು ಅಂತ," ಎಂದಳು ತಲೆ ತಗ್ಗಿಸಿ.

"ಕೂಸು ಹುಟ್ಟೋ ಮುಂಚೆ ಕುಲಾವಿ." ಅವನಿಗೆ ನಗು ಬಂತು. "ಮೊದಲನೇ ಉಸಿರು ಅದರದ್ದು ಅಪ್ಪಾ. ಮೂಗಷ್ಟೇ ಮೇಲಿಟ್ಟು, ಇಲ್ಲಿ ಯಾರಾದರೂ ಇದ್ದಾರಾ ಅಂತ ನೋಡುತ್ತೆ. ಎರಡನೇದು ನಿನ್ನದು."

"ನಾನಿದ್ದೀನಿ ಅಂತ ಅದಕ್ಕೆ ಗೊತ್ತಾಗಿಬಿಟ್ಟರೆ?"

"ಕಾಯೋವಾಗ ನೀನು ಇಲ್ಲಿರಲಿಲ್ಲ, ಊರಲ್ಲಿ ಮಾಂಸ ಹಂಚ್ತಿದ್ದೆ. ಇನ್ನು ಮೇಲೆ ಇಲ್ಲೇ ಇರು."

ಒಂಬತ್ತನೆಯ ದಿನ ನಡುಹಗಲು ಕಡ್ಡಿ ಮತ್ತೆ ಅಲುಗಿತು. ಮನುಮಿ ಮೊದಲ ಉಸಿರನ್ನು ಕೇಳಿದಳು. ಅದು ಅದರದ್ದೆಂದು ಬಿಟ್ಟಳು. ಎರಡನೆಯದು ದೀರ್ಘವಾಗಿ ಬಂತು. ಹೊಡೆದಳು. ಈಟಿಗೆ ಕಟ್ಟಿದ್ದ ಹಗ್ಗ ಜಗ್ಗಿತು.

ಎಳೆಯುವಾಗ ಮುದುಕನೂ ಬಂದು ಕೈ ಹಚ್ಚಿದ. ಒಳ್ಳೆಯ ದಪ್ಪ ಸೀಲ್. ಅಲ್ಲಿಯ ಕ್ರಮದಂತೆ ಮನುಮಿ ಹಿಮವನ್ನು ತನ್ನ ಬಾಯಲ್ಲಿ ಕರಗಿಸಿ ಸೀಲಿನ ಬಾಯಿಗೆ ಬಿಟ್ಟಳು. ಹುಟ್ಟಿದಂದಿನಿಂದ ಉಪ್ಪುನೀರಲ್ಲಿದ್ದ ಜೀವ, ಬಾಯಾರಿರುತ್ತದೆ ಎಂದು ಅವರ ನಂಬಿಕೆ. ನಮ್ಮಲ್ಲಿ ಹೋಗುವ ಜೀವದ ಬಾಯಿಗೆ ಗಂಗೆ ಬಿಡುವುದಿಲ್ಲವೇ, ಹಾಗೆಯೇ.

ಊರಿಗೆ ಬಂದು ಅವಳು ಸೀಲನ್ನು ಕೊಯ್ದ ಚೆಂದವನ್ನು ನೋಡಬೇಕಿತ್ತು. ಹೊತ್ತು ಮುಳುಗುವ ಮೊದಲೇ ಒಂದು ಮನೆ ಬಿಡದೆ ತಾನೇ ಹೋಗಿ ಪಾಲು ಕೊಟ್ಟಳು. ಮಕ್ಕಳಿಗೆ ಒಂದಿಷ್ಟು ಮಾಂಸ, ಹಣತೆಗೆ ಒಂದಿಷ್ಟು ಕೊಬ್ಬು ಎತ್ತಿಟ್ಟಳು. ತನಗೆಂದು ಒಂದು ಚೂರೂ ಉಳಿಸಿಕೊಳ್ಳಲಿಲ್ಲ. ಅಷ್ಟು ಖುಷಿಯಲ್ಲಿ ಹಸಿವಿನ ನೆನಪು ಯಾರಿಗಿರುತ್ತದೆ?

ಕೊನೆಗೆ ಪಕ್ಕೆಯ ಕಡೆಯ ಒಳ್ಳೆಯ ತುಂಡು ಹಿಡಿದು ಗುರುವಿನ ಮನೆಗೆ ಬಂದಳು.

ಇಪೀಲಿ ಅದನ್ನು ಮೂಸಿ ನೋಡಿದ. ಚಾಕು ತೆಗೆದು, ತಡವಿ ತಡವಿ ಎರಡು ಮಾಡಿ, ದೊಡ್ಡದನ್ನು ಅವಳ ಕಡೆ ಚಾಚಿದ.

"ತಿನ್ನು ಅಪ್ಪಾ. ಬೆಳಗ್ಗಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು."

"ನನಗೆ ಬೇಡ ಮಗನೇ. ಅದು ನಿನ್ನ ಪಾಲು."

"ನನ್ನದು ಅಂತಲೇ ಕೊಡ್ತಿರೋದು."

"ಇನ್ನು ನಾನು ಯಾರ ಹತ್ತಿರವೂ ತಗೊಳ್ಳಲ್ಲ. ಇವತ್ತಿಗೆ ನನ್ನ ಹಂಗು ಹರೀತು."

ಹಾಗೆಂದಳೇನೋ ಸರಿ, ಕಣ್ಣು ಮಾತ್ರ ಆ ತುಂಡಿನ ಮೇಲೇ ಇತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಮುದುಕ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮನೆಮನೆಗೆ ಕೊಟ್ಟೆಯಲ್ಲ, ಹೇಗಿತ್ತು ಅಪ್ಪಾ?"

"ಹೇಗಿತ್ತು ಅಂತ ಹೇಳಲಿ ಮಗನೇ! ಎರಡು ವರ್ಷದ ಮೇಲೆ ಇವತ್ತು ತಲೆ ಎತ್ತಿ ಊರೊಳಗೆ ನಡೆದೆ."

"ಕಣ್ಣು ಹೋದ ಮೇಲೆ ನಾನು ಐದು ವರ್ಷದಿಂದ ಬರೀ ತಗೊಂಡವನೇ," ಅಂದ ಇಪೀಲಿ. "ನೀನೂ ಬೇಡ ಅಂದರೆ, ನಾನು ಯಾರಿಗೆ ಕೊಡಲಿ ಅಪ್ಪಾ?"