ಗುಬ್ಬಿ ಕೊಕ್ಕು ಒರೆಸುವುದೇಕೆ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗ ನೋಡಿ ಕೂತು ಹೆಚ್ಚು ದಿನ ಆಗಿರಲಿಲ್ಲ. ಆದರೆ ಬೋರಜ್ಜಿ ಆಗಲೇ ಮುದುಕಿ. ಅವಳಿಗೆ ಆಗಲೇ ಸಾಕಾಗಿತ್ತು.

ಹುಲ್ಲು ಇನ್ನೂ ಬೀಜ ಕಟ್ಟುವುದನ್ನು ಕಲಿತಿರಲಿಲ್ಲ. ಹಕ್ಕಿಗಳಿಗೆ ಬೋರಜ್ಜಿಯ ಹಿತ್ತಲು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಮೊದಲು ಅವಳು ಕಾಳನ್ನು ಮೊರದಲ್ಲಿಟ್ಟಳು. ಗಾಳಿ ಬಂದು ಹಾರಿಸಿಕೊಂಡು ಹೋಯಿತು.

"ಹಗುರವಾಗಿದ್ದೆಲ್ಲ ನಂದೇ ಅಜ್ಜಿ," ಅಂದಿತು ಗಾಳಿ, ನಾಚಿಕೆಯಿಲ್ಲದೆ.

ಕಲ್ಲಿನ ಮೇಲೆ ಸುರಿದಳು. ಇರುವೆಗಳು ಹೊತ್ತುಕೊಂಡು ಹೋದವು. ಕೊನೆಗೆ ಹುಣಸೆಮರಕ್ಕೆ ಒಂದು ಆಳವಾದ ಮಡಕೆ ಕಟ್ಟಿದಳು. ಆಳವಾಗಿದ್ದಷ್ಟೂ ಒಳ್ಳೆಯದು, ಪದೇಪದೇ ತುಂಬುವ ಕಷ್ಟ ತಪ್ಪುತ್ತದೆ ಅಂದುಕೊಂಡಳು. ಹಳೆಯ ಕಾಳಿನ ಮೇಲೇ ಹೊಸ ಕಾಳು ಸುರಿಯುವಳು, ಸೊಂಟ ಹಿಡಿದುಕೊಂಡು ಒಳಗೆ ಹೋಗುವಳು.

ಮನೆಯೊಳಗೆ ಮಾತ್ರ ಎಂಜಲು ಅಂದರೆ ಅವಳು ಉರಿದುಬೀಳುತ್ತಿದ್ದಳು. ಉಂಡ ತಟ್ಟೆಯನ್ನು ಬೂದಿ ಹಾಕಿ ಉಜ್ಜಿ, ಹೊಳೆಯಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದರೇ ಸಮಾಧಾನ.

ಒಂದು ದಿನ ಹೊಳೆ ಕೇಳಿತು, "ತಟ್ಟೆ ತರ್ತೀಯ, ಚೆಂಬು ತರ್ತೀಯ. ಆ ಮಡಕೆ ಮಾತ್ರ ತರೋದೇ ಇಲ್ಲವಲ್ಲ ಅಜ್ಜಿ?"

"ಗಿಳಿ ಕಚ್ಚಿದ ಹಣ್ಣಿಗೆ ಎಂಜಲುಂಟೇನೆ? ಹಕ್ಕಿ ಬಾಯಿಗೆ ಎಂಜಲಿಲ್ಲ. ಸುಮ್ನೆ ಹರ್ಕೊಂಡು ಹೋಗು."

ಹೊಳೆ ತನ್ನ ಪಾಡಿಗೆ ಹರಿದುಹೋಯಿತು.

ಮಳೆ ಬಂತು. ಮಡಕೆಯ ತಳದಲ್ಲಿ ನೀರು ನಿಂತಿತು. ತಳದ ಕಾಳು ಮುಗ್ಗಿ ಬೂಷ್ಟು ಹಿಡಿಯಿತು. ಮೇಲಿನ ಕಾಳು ಥಳಥಳ ಅನ್ನುತ್ತಿತ್ತು. ಅಜ್ಜಿಗೆ ಕಂಡದ್ದು ಅಷ್ಟೇ.

ಆಮೇಲೊಂದು ಬೆಳಿಗ್ಗೆ ಗುಬ್ಬಿ ತನ್ನ ಮರಿಯನ್ನು ಕರೆದುಕೊಂಡು ಹೊಸಲಿಗೆ ಬಂತು. ಮರಿಯ ಪುಕ್ಕ ಉಬ್ಬಿತ್ತು. ಕಣ್ಣು ಪಿಸುರುಗಟ್ಟಿ ಅಂಟಿಕೊಂಡಿತ್ತು.

"ನನ್ನ ಮಗಳು ಕಣ್ಣು ಬಿಡ್ತಿಲ್ಲ ಅಜ್ಜಿ."

"ಏನು ತಿನ್ನಿಸಿದೆ?"

"ನೀನು ಹಾಕಿದ್ದೇ. ಬೇರೆ ಏನಿದೆ?"

ಅಜ್ಜಿ ಮಡಕೆಗೆ ಮೊಣಕೈವರೆಗೂ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಕಪ್ಪಗೆ, ಲೋಳೆಯಾಗಿ, ಹುಳಿ ನಾರುವ ಮುದ್ದೆ. ಅದನ್ನು ಹಿಡಿದುಕೊಂಡೇ ಅವಳು ನೆಲದ ಮೇಲೆ ಕೂತುಬಿಟ್ಟಳು.

"ಬಿಟ್ಟುಬಿಡಜ್ಜಿ," ಅಂದಿತು ಗಾಳಿ, ಈ ಸಲ ಮೆಲ್ಲಗೆ. "ನಿನಗೂ ವಯಸ್ಸಾಯ್ತು."

"ಬಿಟ್ಟರೂ ಸಾಯ್ತಾವೆ, ಹೀಗೇ ಹಾಕಿದರೂ ಸಾಯ್ತಾವೆ," ಅಂದಳು ಅಜ್ಜಿ. "ತೊಳೀಬೇಕು. ಅಷ್ಟೆ."

ಮಡಕೆಯನ್ನು ಕಲ್ಲಿಗೆ ಕುಕ್ಕಿ ಒಡೆದಳು. ತೆಂಗಿನ ಕರಟಗಳನ್ನು ಆರಿಸಿದಳು. ಅವು ಗಾಳಿ ಬಾಚಿಕೊಂಡು ಹೋಗದಷ್ಟು ಆಳ, ಆದರೆ ತಳ ಕಣ್ಣಿಗೆ ಕಾಣದಷ್ಟು ಆಳವಲ್ಲ. ನೀರು ಇಳಿದುಹೋಗಲಿ ಅಂತ ತಳಕ್ಕೆ ತೂತು ಕೊರೆದು ಸೂರಿನ ಕೆಳಗೆ ತೂಗುಹಾಕಿದಳು. ಸಂಜೆಯೊಳಗೆ ತಿಂದು ಮುಗಿಯುವಷ್ಟೇ ಕಾಳು ಹಾಕಿದಳು. ಸಂಜೆ ಮತ್ತೆ ಅವನ್ನೆಲ್ಲ ಇಳಿಸಬೇಕು, ಬೂದಿ ಹಾಕಿ ಉಜ್ಜಬೇಕು, ಹೊಳೆಗೆ ಒಯ್ಯಬೇಕು. ಮರುದಿನ ಬಿಸಿಲಿಗಿಟ್ಟು, ಪೂರ್ತಿ ಒಣಗಿದ ಮೇಲೇ ತುಂಬಬೇಕು. ಮೈಕೈ ನೋವು ಅಂತ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ತಪ್ಪಿಸಲಿಲ್ಲ.

ನಡುನಡುವೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಮರಿಯ ಕಣ್ಣು ಒರೆಸುತ್ತಿದ್ದಳು. ಕೊನೆಗೊಂದು ದಿನ ಮರಿ ಒಂದು ಕಣ್ಣು ಬಿಟ್ಟಿತು. ಆಮೇಲೆ ಇನ್ನೊಂದು. ಅದು ಮೊದಲು ಕಂಡದ್ದು ಕರಟ ಉಜ್ಜುತ್ತ ತೂಕಡಿಸುತ್ತಿದ್ದ ಅಜ್ಜಿಯನ್ನು.

"ಅಜ್ಜಿ, ನಿನ್ನ ಋಣ ಹೇಗೆ ತೀರಿಸಲಿ?" ಅಂದಿತು ತಾಯಿಗುಬ್ಬಿ.

"ಋಣ ಗಿಣ ಬೇಡ. ಕರಟ ನಾನು ತೊಳೀತೀನಿ. ಆದರೆ ಇಷ್ಟು ಜನರ ಮೂತಿ ತೊಳೆಯೋಕೆ ನನ್ನ ಕೈಲಾಗಲ್ಲ ಕಣೆ. ಅದು ನಿಮ್ಮ ಕೆಲಸ. ತಿಂದ ಬಾಯಿ ಒರೆಸದೆ ಯಾರೂ ಏಳಬಾರದು."

"ನಮಗೆ ಕೈಯಿಲ್ಲವಲ್ಲ ಅಜ್ಜಿ?"

"ನೆಪ ಹೇಳಬೇಡ. ಕೊಂಬೆ ಇದೆಯಲ್ಲ."

ಗುಬ್ಬಿ ಕೊಂಬೆಯ ಮೇಲೆ ಕೂತು ಕೊಕ್ಕನ್ನು ಒಮ್ಮೆ ಈ ಕಡೆ ಉಜ್ಜಿತು, ಒಮ್ಮೆ ಆ ಕಡೆ ಉಜ್ಜಿತು. ಮರಿಯೂ ಹಾಗೇ ಮಾಡಿತು.

ಕಾಲ ಕಳೆದು ಹುಲ್ಲು ಬೀಜ ಕಟ್ಟುವುದನ್ನು ಕಲಿತ ಮೇಲೆ ಬೋರಜ್ಜಿ ಕೊನೆಗೂ ಮಲಗಿದಳು. ಗುಬ್ಬಿಗಳು ಮಾತ್ರ ಮಾತು ಮರೆಯಲಿಲ್ಲ.

ಅದಕ್ಕೇ ಇವತ್ತಿಗೂ ಗುಬ್ಬಿ ಕಾಳು ತಿಂದ ಮೇಲೆ ಕೊಕ್ಕನ್ನು ಕೊಂಬೆಗೆ ಆ ಕಡೆ ಈ ಕಡೆ ಉಜ್ಜುತ್ತದೆ. ಉಜ್ಜಿ, ಕತ್ತು ಓರೆ ಮಾಡಿ ನಿನ್ನನ್ನೇ ನೋಡುತ್ತದಲ್ಲ, ಆಗ ಅದು ಇನ್ನಷ್ಟು ಕಾಳು ಕೇಳುತ್ತಿಲ್ಲ ಮಗು. ನಾನು ಒರೆಸಿಕೊಂಡೆ, ನೀನು ತಟ್ಟೆ ತೊಳೆದೆಯಾ ಅಂತ ಕೇಳುತ್ತಿದೆ.